ಬಾಗಿಲ ಮರದ ಗಿಟಾರ್

ಟಿಣ್.

ರಾತ್ರಿ ಒಂದೂವರೆ. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಆ ಸದ್ದು ಬೀದಿಯದಲ್ಲ, ಅಡುಗೆಮನೆಯದೂ ಅಲ್ಲ. ನನ್ನ ಕೋಣೆಯೊಳಗಿನದು.

ಮೊಬೈಲ್ ದೀಪ ಹಾಕಿ ಮೊದಲು ಬಾಗಿಲ ಚಿಲಕ ನೋಡಿದೆ. ಹಾಕಿತ್ತು. ಕಿಟಕಿ ಮುಚ್ಚಿತ್ತು. ಆಮೇಲೆ ಗೋಡೆಗೆ ಒರಗಿಸಿಟ್ಟ ಗಿಟಾರ್ ಮೇಲೆ ಬೆಳಕು ಬಿಟ್ಟೆ. ಒಂದು ಹಲ್ಲಿ ತಂತಿಗಳ ಮೇಲಿಂದ ಜಿಗಿದು ಸರಸರ ಗೋಡೆ ಹತ್ತಿತು.

ನಗು ಬರಬೇಕಿತ್ತು. ಬರಲಿಲ್ಲ. ಏಕೆಂದರೆ ಸದ್ದು ಇನ್ನೂ ಮುಗಿದಿರಲಿಲ್ಲ.

ಅದು ಟೊಳ್ಳಿಲ್ಲದ, ಇಡೀ ಹಲಗೆಯ ಎಲೆಕ್ಟ್ರಿಕ್ ಗಿಟಾರ್. ಆಂಪ್ಲಿಫೈಯರ್ ಪೆಟ್ಟಿಗೆಗೆ ಜೋಡಿಸದಿದ್ದರೆ ಅದಕ್ಕೆ ದನಿಯೇ ಇಲ್ಲ ಎಂದು ನಾನು ತಿಳಿದಿದ್ದೆ. ಮಂಚದಿಂದ ಕೆಳಗಿಳಿದು, ಗಿಟಾರಿನ ಹಲಗೆ ಮೇಲ್ಗಡೆ ಚಾಚಿಕೊಂಡ ಕೊಂಬಿಗೆ ಕಿವಿ ಹಚ್ಚಿ, ದಪ್ಪ ತಂತಿಯನ್ನು ಉಗುರಿನಿಂದ ಮೀಟಿದೆ. ಮರದೊಳಗಿಂದ ದನಿ ನೇರ ಕಿವಿಗೆ ಬಂತು. ಎಣಿಸಿದೆ. ಹದಿನಾಲ್ಕಕ್ಕೆ ಆರಿತು. ಮತ್ತೆ ಮೀಟಿದೆ. ಹದಿಮೂರು. ಮತ್ತೆ. ಹದಿನಾಲ್ಕು.

ಕೇಸಿನ ಡೈರಿ ತೆಗೆದು ಆ ಅಂಕಿ ಬರೆದುಕೊಂಡೆ. ಶನಿವಾರ ಹುಟ್ಟಿ ಒಂದೂವರೆ ಗಂಟೆಯಾಗಿತ್ತು. ಸೋಮವಾರ ನಮ್ಮ ಕಕ್ಷಿದಾರ ವಸೀಮ್‌ನ ಜಾಮೀನು ಅರ್ಜಿಯ ವಿಚಾರಣೆ.

ಮಾನ್ವಿಯ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವವನು ವಸೀಮ್. ಆರ್ಕೆಸ್ಟ್ರಾದ ಮಾಲೀಕ ಮುಷರ್ರಫ್. ಹೋದ ತಿಂಗಳ ಒಂಬತ್ತನೇ ತಾರೀಖು ರಾತ್ರಿ ಮುಷರ್ರಫ್‌ನ ಹೆಣ ಪೋತ್ನಾಳದ ಹತ್ತಿರ ಕಾಲುವೆಯ ತೂಬಿನಲ್ಲಿ ಸಿಕ್ಕಿತು. ಪಕ್ಕದಲ್ಲಿ ಒಂದು ಕೆಂಪು ಗಿಟಾರ್ ಸಿಕ್ಕಿಕೊಂಡಿತ್ತು. ಅದರಿಂದಲೇ ತಲೆಗೆ ಹೊಡೆದ ಎಂದು ವಸೀಮ್‌ನನ್ನು ಹಿಡಿದರು. ‘ನನ್ನ ಗಿಟಾರ್ ಎರಡು ದಿನ ಮೊದಲೇ ಕಳುವಾಗಿತ್ತು, ಕಾಲುವೆಯದು ನನ್ನದಲ್ಲ’ ಎಂದು ಅವನು ಮೊದಲ ದಿನದಿಂದ ಹೇಳುತ್ತಲೇ ಇದ್ದ. ಕಳುವಿನ ದೂರು ಕೊಟ್ಟಿರಲಿಲ್ಲ. ಹಾಗಾಗಿ ಯಾರೂ ನಂಬಲಿಲ್ಲ.

ನಾನು ನಂಬಿದ್ದು ಠಾಣೆಯಲ್ಲಿ. ಜಪ್ತಿ ಮಾಡಿದ ಮುದ್ದೆಮಾಲು ಇಡುವ ಕೋಣೆಯಲ್ಲಿ, ಚೀಟಿ ಕಟ್ಟಿದ ಆ ಗಿಟಾರ್ ನೋಡಿದಾಗ. ನೀರು ಕುಡಿದು ಅದರ ಅಂಚು ಪದರು ಪದರಾಗಿ ಬಿಚ್ಚಿಕೊಂಡಿತ್ತು, ನೆನೆದ ರಟ್ಟಿನ ಹಾಗೆ. ಪ್ಲೈವುಡ್. ವಸೀಮ್‌ನ ಗಿಟಾರೂ ಕೆಂಪೇ, ಆದರೆ ಇಡೀ ಮರದ್ದು, ಪ್ಲೈವುಡ್ಡಿನದಲ್ಲ. ಅದನ್ನು ಮಾಡಿದವನು ದೇವದುರ್ಗದಲ್ಲಿದ್ದ.

ಮೌನೇಶಪ್ಪ ಬಡಿಗೇರನ ಕಸುಬು ಬಾಗಿಲು ಚೌಕಟ್ಟು. ಹಾರ್ಮೋನಿಯಂ ರಿಪೇರಿ ಕೈಗೆ ಹತ್ತಿದ್ದರಿಂದ ವಸೀಮ್ ಅವನನ್ನು ಹುಡುಕಿಕೊಂಡು ಹೋಗಿದ್ದ. ಮಂಗಳವಾರ ನಾನೂ ಹೋದೆ.

“ಮೂರು ದಿನ ಬಂದ ಯವ್ವಾ ಆ ಹುಡುಗ,” ಎಂದ ಮೌನೇಶಪ್ಪ, ಉಳಿ ಒರೆಸುತ್ತ. “ಒಂದೊಂದು ಹಲಿಗಿ ಗೆಣ್ಣಿಲೆ ಬಡದು ಬಡದು ಕೇಳ್ತಿದ್ದ. ಲೇ, ಮಂದಿ ಒಳಗ ಬರಾಕ ಬಾಗಲಾ ಬಡೀತಾರ, ನೀ ಯಾಕ ಬಡ್ಯಾಕತ್ತೀದಿ ಅಂದೆ. ಕಡೀಕ ಹಳೇ ವಾಡೇದ ತಲೆಬಾಗಲ ಹಲಿಗಿ ಆರಿಸಿದ. ಸಾಗವಾನಿ. ನೂರು ವರ್ಷ ಬಿಸಲಾಗ ಒಣಗ್ಯದ. ಅದರಾಗ ಎರಡು ಗಿಟಾರ್ ಹುಟ್ಟಿದವು. ಒಂದು ಅವಂದು, ಒಂದು ಇದು.”

ಆ ‘ಇದು’ ಈಗ ನನ್ನ ಕೋಣೆಯಲ್ಲಿತ್ತು. ಕೋರ್ಟಿನ ಕೆಲಸಕ್ಕೆ ಎಂದು ಕೇಳಿ ತಂದಿದ್ದೆ.

“ಬಾಗಲಾ ನಿಲ್ಲಿಸಬೇಕಾದ್ರ ಹೊಸ್ತಲ ಕೆಳಗ ತಾಮ್ರದ ಚೂರು, ಅರಿಷಿಣ ಇಡದ ನಾವು ಬಿಡಂಗಿಲ್ಲ,” ಎಂದಿದ್ದ ಅವನು, ದನಿ ತಗ್ಗಿಸಿ. “ಗಿಟಾರ್ ಆದ್ರೇನು, ಕಟ್ಟಿಗಿ ಬಾಗಲದಲ್ಲ? ಕುತ್ತಿಗಿ ಕೂಡಿಸೋ ಗೂಡಿನಾಗ ಇಟ್ಟೀನಿ. ಹುಡುಗ ನಕ್ಕ. ಆಮೇಲೆ ತಾನೂ ಕೈಯಾಗಿನ ಮೊಹರಂ ಲಾಡಿ, ಆ ಕೆಂಪು ಹಸರು ದಾರ, ಬಿಚ್ಚಿ ಅದರ ಜೋಡಿ ಇಟ್ಟ. ನಮ್ಮಿಬ್ಬರ್ನ ಬಿಟ್ರ ಯಾರಿಗೂ ಗೊತ್ತಿಲ್ಲ.”

ಬುಧವಾರ ಇದೆಲ್ಲವನ್ನೂ ನನ್ನ ಸೀನಿಯರ್ ವಕೀಲ ಹನುಮಂತ್ರಾಯ ಸಾಹೇಬರಿಗೆ ಒಪ್ಪಿಸಿದೆ. ಮೂರು ತಾಲೂಕಿಗೂ ಹಳೆಯ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವ ಅಂಗಡಿ ರಾಯಚೂರಿನಲ್ಲಿ ಒಂದೇ ಇದೆ, ಕದ್ದವನು ಅಲ್ಲಿಗೇ ತಂದಿರುತ್ತಾನೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಗುರುವಾರ ಬೇರೆ ಊರಿನ ಕೋರ್ಟಿದೆ ಎಂದು ಅವರು ಆಫೀಸಿಗೆ ಬರಲಿಲ್ಲ. ಶುಕ್ರವಾರ ಬಂದವರೇ, “ಆ ಗಿಟಾರ್ ಬೆನ್ನು ಹತ್ತಬ್ಯಾಡವ್ವ, ಟೈಮ್ ಹಾಳು,” ಎಂದರು.

ನಾನು ಮಾತು ಕೇಳುವವಳೇ. ಆದರೆ ಪದರು ಬಿಚ್ಚಿದ ಆ ಪ್ಲೈವುಡ್ಡು ಕಣ್ಣಿಂದ ಹೋಗಿರಲಿಲ್ಲ.

*

ಬೆಳಿಗ್ಗೆ ಹತ್ತೂವರೆಗೆ ರಾಯಚೂರಿನ ತೀನ್ ಕಂದೀಲ್ ಹತ್ತಿರ ಹುಮೇರಾ ಆಪಾ ಬಸ್ಸಿಳಿದು ಬಂದರು. ವಸೀಮ್‌ನ ಅಕ್ಕ. ತಾಯಿ ಸತ್ತ ಮೇಲೆ ಅವನನ್ನು ಬೆಳೆಸಿದವರು. ಮಾನ್ವಿಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದಾರೆ. ಬುರ್ಖಾದ ಮುಖಪರದೆಯ ಮೇಲೆ ನಿದ್ದೆಗೆಟ್ಟ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

“ವಕೀಲಮ್ಮ, ಸೋಮವಾರ ಬಿಡ್ತಾರ?”

“ಅದಕ್ಕ ಹೊಂಟೀವಿ ಆಪಾ. ಒಳಗ ನೀವು ಏನೂ ಮಾತಾಡಬ್ಯಾಡ್ರಿ. ನಾನು ಗಿಟಾರ್ ಕೊಳ್ಳಾಕಿ, ನೀವು ನನ್ನ ಜೋಡಿ ಬಂದೋರು.”

“ಇಪ್ಪತ್ತಾರು ದಿನದಿಂದ ಮಾತಾಡೀನಿ. ಏನಾತು?” ಎಂದರು ಆಪಾ. “ಇವತ್ತು ಬಾಯಿ ಮುಚ್ಚತೀನಿ, ನಡೀರಿ.”

ಅಂಗಡಿ ಉದ್ದಕ್ಕಿತ್ತು. ಮುಂದೆ ತಬಲಾ, ಡೋಲಕ್, ಭಜನಾ ತಾಳ. ಒಳಗೆ ಗೋಡೆ ತುಂಬ ಗಿಟಾರ್. ಗಾಜಿನ ಬಾಗಿಲಿನ ಎದುರಿಗೇ ಒಂದು ದಿನದ ಕ್ಯಾಲೆಂಡರ್, ಅದರ ಮೇಲೆ ಗಡಿಯಾರ. ಮಾಲೀಕ ಹಾಲೇಶ, ಐವತ್ತರ ಆಸುಪಾಸು, ಹಾರ್ಮೋನಿಯಂ ಒಂದರ ಹೊಟ್ಟೆಯೊಳಗೆ ಕೈ ಹಾಕಿಕೊಂಡು ಕೂತಿದ್ದ.

“ಬರ್ರಿ ಅಕ್ಕೋರೇ. ಭಜನಾ ಮಂಡಳಿಗೇನ್ರಿ?”

“ಗಿಟಾರ್ ಬೇಕ್ರಿ. ಕರೆಂಟಿಂದು. ಇಡೀ ಹಲಿಗಿದು.”

“ಯಾರಿಗಿ?”

“ನನಗ್ರಿ.”

ಅವನು ನನ್ನ ಕಾಟನ್ ಸೀರೆ ನೋಡಿದ, ಹೆಗಲ ಚೀಲ ನೋಡಿದ. “ಬಾರಸ್ತೀರೇನ್ರಿ?”

“ಬಾರಸಾಕ ಆಮ್ಯಾಲ ಕಲೀತೀನಿ. ಮೊದಲು ಆರಸಾಕ ಬರಬೇಕಲ್ರೀ.”

“ಆರಸೂದೇನದ? ಬಣ್ಣ ಹೇಳ್ರಿ. ನೀಲಿ ಅದ, ಕೆಂಪು ಅದ. ಹೆಣ್ಮಕ್ಕಳಿಗೆ ಕೆಂಪು ಚಂದ.”

“ಬಣ್ಣ ಬ್ಯಾಡ್ರಿ, ದನಿ ಬೇಕು.”

“ದನಿ ಬೇಕಂದ್ರ ದೊಡ್ಡ ಆಂಪ್ ಒಯ್ರಿ. ಅದಕ್ಕ ಹಚ್ಚಿದ್ರ ಪೊರಕೀನೂ ಹುಲಿಯಂಗ ಒದರ್ತದ.”

ಮೌನೇಶಪ್ಪನೂ ಇದನ್ನೇ ಹೇಳಿದ್ದ, ಆದರೆ ತಿರುಗಿಸಿ: ಆಂಪಿನ ಡಬ್ಬಿ ಎಲ್ಲರ ಕಡೆ ಸುಳ್ಳು ಹೇಳಸ್ತದ ಯವ್ವಾ, ಅದಿಲ್ಲದ ಒಣಾ ಬಾರಿಸಿ ಕೇಳು.

ಗೋಡೆ ನೋಡಿದೆ. ಕೆಂಪು ಗಿಟಾರುಗಳು ನಾಲ್ಕಿದ್ದವು, ನಾಲ್ಕೂ ಪ್ಲಾಸ್ಟಿಕ್ ಹಾಳೆ ಸುತ್ತಿದ ಹೊಸವು. ವಸೀಮ್‌ನ ಗಿಟಾರಿನ ಆಕಾರದವೇ ಮೂರು ಕಪ್ಪಗಿನವು. ಎರಡು ಕೈಗೆಟಕುವಲ್ಲಿ. ಒಂದು ಎಲ್ಲಕ್ಕಿಂತ ಮೇಲೆ, ಫ್ಯಾನಿನ ರೆಕ್ಕೆ ತಗಲುವಷ್ಟು ಎತ್ತರದಲ್ಲಿ. ಮೊದಲ ಎರಡಕ್ಕೆ ಬೆಲೆಯ ಚೀಟಿ ಇತ್ತು. ಮೂರನೆಯದಕ್ಕೆ ಇರಲಿಲ್ಲ.

“ಆ ಕಪ್ಪು ಕೊಡ್ರಿ.”

ಮೊದಲನೆಯದು ಕೈಗೆ ಹಗುರವಾಗಿ ಬಂತು. ಬೆನ್ನಿಗೆ ಗೆಣ್ಣಿನಿಂದ ಬಡಿದೆ. ಒಳಗೆ ಯಾರೂ ಇಲ್ಲದ ಮನೆಯ ಉತ್ತರ. ಕೊಂಬಿಗೆ ಕಿವಿ ಹಚ್ಚಿ ಮೀಟಿದೆ. ಐದಕ್ಕೆ ದನಿ ಹೋಯಿತು.

“ಏನು ಎಣಸಾಕತ್ತೀರಿ?” ಎಂದ ಹಾಲೇಶ.

“ಉಸಿರು.”

“ನಮ್ಮ ಮನ್ಯಾಗ ಹೆಣ್ಣು ನೋಡಾಕ ಬಂದೋರೂ ಇಷ್ಟು ನೋಡಿಲ್ಲ,” ಎಂದು ಆಪಾ ಗೊಣಗಿದರು. ಬಾಯಿ ಮುಚ್ಚುವ ಮಾತು ಐದು ನಿಮಿಷಕ್ಕೇ ಮುರಿದಿತ್ತು. ಹಾಲೇಶ ನಕ್ಕ. ನನಗೆ ಅದೇ ಬೇಕಿತ್ತು. ನಗುವವನು ಎದ್ದು ಬಾಗಿಲು ಮುಚ್ಚುವುದಿಲ್ಲ.

ಎರಡನೆಯದು ಕಲ್ಲಿನ ಹಾಗೆ ಭಾರ. ಭಾರವಿದ್ದರೆ ಒಳ್ಳೆಯದು ಎಂದುಕೊಂಡೆ. ತೂಕ ನೋಡಿ ಮೋಸ ಹೋಗಬೇಡ ಎಂದು ಮೌನೇಶಪ್ಪ ಹೇಳಿದ್ದು ನೆನಪಾಯಿತು. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ತಲೆಯ ಕಡೆಯಿಂದ ಕುತ್ತಿಗೆಯುದ್ದಕ್ಕೂ ನೋಡಿದೆ. ನೆಟ್ಟಗಿತ್ತು. ಮೀಟಿದೆ, ಒಂಬತ್ತು. ಒಳ್ಳೆಯ ಮರಕ್ಕೆ ಇದು ಕಡಿಮೆ. ದನಿ ಎಲ್ಲಿ ಸೋರುತ್ತಿದೆ?

ಕುತ್ತಿಗೆಯೂ ಹಲಗೆಯೂ ಕೂಡುವ ಸಂದಿಗೆ ಉಗುರು ಇಟ್ಟೆ. ಸಂದಿಯ ಅಗಲ ನೋಡಲು ಏನಾದರೂ ತೆಳ್ಳಗಿನದು ಬೇಕಿತ್ತು. ಪರ್ಸಿನಿಂದ ಕೈಗೆ ಸಿಕ್ಕ ವಿಸಿಟಿಂಗ್ ಕಾರ್ಡ್ ತೆಗೆದು ತೂರಿಸಿದೆ. ಅರ್ಧ ಕಾರ್ಡ್ ಒಳಗೆ ಹೋಯಿತು.

“ನೋಡ್ರಿ, ಇಲ್ಲಿ ಸಡಲ ಅದ. ದನಿ ಇಲ್ಲೇ ಸಾಯ್ತದ.”

ಹಾಲೇಶ ಸಂದಿ ನೋಡಲಿಲ್ಲ. ಕಾರ್ಡ್ ನೋಡಿದ. ನಾನು ಅದನ್ನು ಎಳೆದು ಕೌಂಟರಿನ ಮೇಲೆ ಇಟ್ಟ ಮೇಲೂ ಅವನ ಕಣ್ಣು ಅದರ ಮೇಲೇ ಇತ್ತು. ನಗು ಹೋಗಿತ್ತು.

“ಇನ್ನ ಆ ಮ್ಯಾಲಿಂದು,” ಎಂದೆ.

ಅದು ಮಾರಾಟಕ್ಕಿಲ್ಲ ಎನ್ನುತ್ತಾನೆ, ನಾನು ವಾದಿಸಬೇಕು ಎಂದು ಸಿದ್ಧಳಾಗಿದ್ದೆ. ಅವನು ಮರುಮಾತಿಲ್ಲದೆ ಸ್ಟೂಲ್ ಹತ್ತಿ ಇಳಿಸಿಕೊಟ್ಟ. ಹೋಗಿ ಗಾಜಿನ ಬಾಗಿಲು ಮುಚ್ಚಿದ. ಅದು ನನಗೆ ಹಿಡಿಸಲಿಲ್ಲ. ಆದರೆ ಗಿಟಾರ್ ಕೈಗೆ ಬಂದಾಗಿತ್ತು.

ತೂಕ ನನ್ನ ತೋಳಿಗೆ ಗೊತ್ತಿದ್ದ ತೂಕ. ಬೆಲ್ಟು ಹೆಗಲಿಗೆ ಹಾಕಿ ಎರಡೂ ಕೈ ಬಿಟ್ಟೆ. ಕುತ್ತಿಗೆ ಕೆಳಗೆ ಬೀಳಲಿಲ್ಲ, ನೆಲಕ್ಕೆ ಸಮನಾಗಿ ನಿಂತಿತು. ಕಪ್ಪು ಬಣ್ಣದಿಂದ ಥಿನ್ನರ್ ವಾಸನೆ ಇನ್ನೂ ಹೋಗಿರಲಿಲ್ಲ. ಕಿವಿ ಹಚ್ಚಿ ಮೀಟಿದೆ. ಹೊರಗೆ ಆಟೋ ಹಾರ್ನ್ ಹೊಡೆಯಿತು, ಬಿಟ್ಟು ಮತ್ತೆ ಮೀಟಿದೆ.

ಹನ್ನೆರಡು. ಹದಿಮೂರು. ಹದಿನಾಲ್ಕು.

“ಸ್ಕ್ರೂ ಡ್ರೈವರ್ ಕೊಡ್ರಿ,” ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿತು.

ಅವನು ಕೊಟ್ಟ. ತಂತಿ ಸಡಿಲಿಸಿದೆ. ಬಿರಡೆ ತಿರುಗಿಸುವಾಗ ಅದರ ಬುಡದಲ್ಲಿ ಕೂದಲೆಳೆಯಷ್ಟು ಕೆಂಪು ಕಂಡಿತು. ಬೆನ್ನಿನ ನಾಲ್ಕು ಸ್ಕ್ರೂ ಬಿಚ್ಚಿದೆ. ಕುತ್ತಿಗೆ ಸುಲಭಕ್ಕೆ ಬರಲಿಲ್ಲ, ಅಷ್ಟು ಬಿಗಿಯಾಗಿ ಕೂತಿತ್ತು. ಮೆಲ್ಲಗೆ ಅಲುಗಿಸಿ ಎತ್ತಿದೆ.

ಗೂಡಿನೊಳಗೆ ಕಪ್ಪು ಬಣ್ಣ ತಾಕಿರಲಿಲ್ಲ. ನೂರು ವರ್ಷದ ಸಾಗವಾನಿ ಜೇನಿನ ಬಣ್ಣದಲ್ಲಿತ್ತು. ಮೂಲೆಯಲ್ಲಿ ಉಳಿಯಿಂದ ಕೊರೆದ ಸಣ್ಣ ಕುಳಿ. ಅದರಲ್ಲಿ ಅರಿಷಿಣ ಹತ್ತಿದ ತಾಮ್ರದ ಚೂರು. ಅದನ್ನು ಸುತ್ತಿ ಕೆಂಪು ಹಸಿರು ದಾರ.

ಆಪಾ ಮುಖಪರದೆ ಎತ್ತಿ ಬಗ್ಗಿದರು. “ಲಾಡಿ,” ಎಂದರು. “ನಾನೇ ಕಟ್ಟಿದ್ದು. ಎರಡು ಗಂಟು ಹಾಕ್ತೀನಿ, ನೋಡ್ರಿ, ಎರಡು ಗಂಟು. ಕೈಯಾಗ ಯಾಕಿಲ್ಲೋ ಅಂದ್ರ ಬಿತ್ತು ಅಂದಿದ್ದ. ಬೈದಿದ್ದೆ ಅವಂಗ.” ಬೆರಳು ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದರು. “ಲಾಡಿ ಕಳಕೊಂಡೀದಿ ಅಂತ ಭಾಳ ಬೈದೆ.”

“ಇವರು ಆ ಕೇಸಿನ ಹುಡುಗನ ಅಕ್ಕನೇನ್ರಿ?” ಎಂದ ಹಾಲೇಶ. ನನ್ನ ಕಡೆ ವಾಲಿ ಪಿಸುಗುಟ್ಟಿದ: “ಅಕ್ಕೋರೇ, ಅವರನ್ನ ಹೊರಗ ಕಳಸ್ರಿ. ನಿಮ್ಮ ಕೈ ಮುಗೀತೀನಿ.”

ಅವನು ಹೆದರಿದ್ದು ನನಗಲ್ಲ ಎಂದು ತಿಳಿಯಿತು. ಯಾರಿಗೆ ಎಂದು ತಿಳಿಯಬೇಕಿತ್ತು.

“ಆಪಾ, ಮೂರು ಚಾ ತರ್ತೀರಾ? ಬೆಳಗಿಂದ ಏನೂ ಕುಡದಿಲ್ಲ.”

“ಕೊಲಿ ಕೇಸಿನಾಗ ಚಾ!” ಎಂದರು ಆಪಾ. ಆದರೂ ನನ್ನ ಮುಖ ನೋಡಿ ಹೋದರು.

ಬಾಗಿಲು ಮುಚ್ಚಿದ್ದೇ ಹಾಲೇಶ ಸಿಡಿದ.

“ಎಲ್ಲಾ ಹೇಳಿದಂಗ ಮಾಡೀನಲ್ರೀ! ಕಪ್ಪು ಬಳಿ ಅಂದ್ರು, ಬಳಿದೀನಿ. ಮ್ಯಾಲ ತೂಗು ಹಾಕು, ತಿಂಗಳಾದ ಮ್ಯಾಲ ಹೈದ್ರಾಬಾದಿಗಿ ಕಳಸು ಅಂದ್ರು, ಆತು ಅಂದೀನಿ. ಹುಡುಗನ ಮನಿಯವರಿಗಿ ಮಾತ್ರ ಗೊತ್ತಾಗಬಾರದು ಅಂದೋರು ಅವರೇ. ಮತ್ತ ಆ ಹುಡುಗನ ಅಕ್ಕನ್ನೇ ಯಾಕ ಕರಕೊಂಡು ಬಂದೀರಿ? ನನ್ನ ಪರೀಕ್ಷಾ ಮಾಡಾಕ ಕಳಿಸ್ಯಾರೇನು?”

“ಯಾರು?”

“ಯಾರಂದ್ರ?” ಅವನು ಕೌಂಟರಿನ ಮೇಲಿನ ಕಾರ್ಡನ್ನು ಬೆರಳಿನಿಂದ ನನ್ನ ಕಡೆ ತಳ್ಳಿದ. “ನಿಮ್ಮ ಸಾಹೇಬ್ರು.”

ಕೆ. ಹನುಮಂತ್ರಾಯ, ವಕೀಲರು, ರಾಯಚೂರು. ನಮ್ಮ ಆಫೀಸಿನ ಕಾರ್ಡ್.

ನನಗೆ ಹೆದರಿಕೆಯಾದಾಗ ಮುಖ ಕಲ್ಲಾಗುತ್ತದೆ. ಅಮ್ಮ ಇದನ್ನು ಸೊಕ್ಕು ಎನ್ನುತ್ತಾಳೆ. ಆವತ್ತು ಅದು ಕೆಲಸಕ್ಕೆ ಬಂತು.

“ಹೌದು,” ಎಂದೆ. ಸುಳ್ಳಂತೂ ಅಲ್ಲ, ನಾನು ಅವರ ಆಫೀಸಿನವಳೇ. “ಗುರುವಾರ ಬಂದಾಗ ಏನೇನು ಹೇಳಿದ್ರು, ನೀವು ಏನೇನು ಮಾಡೀರಿ, ಸರಿಯಾಗಿ ಹೇಳ್ರಿ.”

ದಿನ ನಾನೇ ಹೇಳಿಬಿಟ್ಟಿದ್ದೆ. ಅವನು ತಿದ್ದಲಿಲ್ಲ. ಅಂದರೆ ಗುರುವಾರವೇ.

“ಮಧ್ಯಾಹ್ನ ಬಂದ್ರು. ಇಂಥಾ ಕೆಂಪು ಗಿಟಾರ್ ಯಾರರ ಮಾರ್ಯಾರೇನು ಅಂದ್ರು. ನಾನು ಕಳವಿನ ಮಾಲು ತಗೊಳ್ಳಾಂವಲ್ರಿ. ಮಾರಾಕ ಬಂದೋರನ್ನ ಕ್ಯಾಲೆಂಡರ್ ಮುಂದ ನಿಂದ್ರಿಸಿ, ಮಾಲು ಎದಿಗೆ ಹಿಡಿಸಿ, ಒಂದು ಫೋಟೋ ಹೊಡೀತೀನಿ. ನಮ್ಮಪ್ಪನ ಕಾಲದಾಗ ಹೆಬ್ಬೆಟ್ಟು ಇತ್ತು, ನನ್ನ ಕಾಲದಾಗ ಫೋಟೋ. ತೋರಿಸಿದೆ. ನೋಡಿದ್ರು. ನೋಡಿ ಕುಂತುಬಿಟ್ರು, ನೀರು ಕೇಳಿದ್ರು. ಆಮ್ಯಾಲ, ಇದು ಕೊಲಿ ಕೇಸಿನ ಮಾಲು, ನಿನ್ನ ಹೆಸರೂ ಬರ್ತದ, ಅಳಿಸಿಬಿಡು ಅಂದ್ರು. ಅವರ ಎದುರಿಗೇ ಅಳಿಸೀನಿ.”

“ತೋರಸ್ರಿ.”

ಫೋನ್ ಕೊಟ್ಟ. ಫೋಟೋಗಳ ಪುಟ ತಿರುವಿದೆ. ಒಬ್ಬ ತಬಲಾ ಹಿಡಿದವನು, ಒಬ್ಬ ಕೀಬೋರ್ಡ್ ಹಿಡಿದವಳು. ಕೆಂಪು ಗಿಟಾರ್ ಹಿಡಿದವರು ಯಾರೂ ಇಲ್ಲ. ಫೋನ್ ಹಿಂದಕ್ಕೆ ಕೊಡಲು ಹೋದೆ. ಅವನ ಕೈ ನನಗಿಂತ ಬೇಗ ಮುಂದೆ ಬಂತು.

ಕೊಡಲಿಲ್ಲ. ಅಳಿಸಿದ ಫೋಟೋಗಳು ಹೋಗಿ ಬೀಳುವ ಕಸದ ಬುಟ್ಟಿ ತೆರೆದೆ.

ಒಂದೇ ಒಂದು ಇತ್ತು.

“ಅದು… ಮೂವತ್ತು ದಿನಕ್ಕ ತಾನೇ ಹೋಗ್ತದಂತ್ರಿ,” ಎಂದ ಹಾಲೇಶ, ನೆಲ ನೋಡುತ್ತ. “ಸಾಹೇಬ್ರಿಗೆ ಹೇಳಬ್ಯಾಡ್ರಿ. ನಾಳೆ ಯಾರರ ಕಳವಿನ ಮಾಲು ಅಂತ ನನ್ನ ತಲಿಗಿ ಕಟ್ಟಿದ್ರ? ಅದಕ್ಕ ಬಿಟ್ಟೀನಿ.”

ಫೋಟೋ ದೊಡ್ಡದು ಮಾಡಿದೆ.

ಕ್ಯಾಲೆಂಡರಿನಲ್ಲಿ ಒಂಬತ್ತು. ಗಡಿಯಾರದಲ್ಲಿ ಏಳೂವರೆಯ ಮೇಲೆ ಎರಡು ನಿಮಿಷ. ಕೆಂಪು ಗಿಟಾರ್ ಎದೆಗೆ ಹಿಡಿದು ನಿಂತವನು ಕಳ್ಳನಲ್ಲ. ವಸೀಮ್.

ಆ ರಾತ್ರಿ ಮುಷರ್ರಫ್ ಏಳೂ ಕಾಲಿಗೆ ಪೋತ್ನಾಳದಿಂದ ಫೋನಿನಲ್ಲಿ ಮಾತಾಡಿದ್ದ. ಎಂಟಕ್ಕೆ ಕಾಲುವೆಯ ನೀರಗಂಟಿ ಅವನ ಹೆಣ ಕಂಡಿದ್ದ. ಇದೆಲ್ಲ ಪೊಲೀಸರ ಕಾಗದದಲ್ಲೇ ಇತ್ತು. ಪೋತ್ನಾಳಕ್ಕೂ ಈ ಅಂಗಡಿಗೂ ನಡುವೆ ಬಸ್ಸಿನಲ್ಲಿ ಗಂಟೆಗೂ ಮೀರಿದ ದಾರಿ. ಕೊಲೆಯಾದ ಹೊತ್ತಿಗೆ ವಸೀಮ್ ರಾಯಚೂರಿನಲ್ಲಿ, ಇದೇ ಕ್ಯಾಲೆಂಡರಿನ ಮುಂದೆ ನಿಂತಿದ್ದ. ಈ ಒಂದು ಮಾತು ಹೇಳಿದ್ದರೆ ಅವನು ಒಂದು ದಿನವೂ ಜೈಲಿನಲ್ಲಿ ಇರುತ್ತಿರಲಿಲ್ಲ. ಗಿಟಾರ್ ಕಳುವಾಯಿತು ಎಂದು ಸುಳ್ಳೇಕೆ ಹೇಳಿದ?

ಫೋಟೋದಲ್ಲಿ ಅವನು ಕ್ಯಾಮೆರಾ ನೋಡುತ್ತಿರಲಿಲ್ಲ. ಬಲಕ್ಕೆ ತಿರುಗಿದ್ದ. ಅಲ್ಲಿ, ಚೌಕಟ್ಟಿನ ಅಂಚಿನಲ್ಲಿ, ಖಾಲಿ ಗಿಟಾರ್ ಚೀಲ ಮಡಚುತ್ತ ಒಬ್ಬ ಹುಡುಗಿ ನಿಂತಿದ್ದಳು. ಹಳದಿ ಚೂಡಿದಾರ. ಯರಗೇರಾದ ಯೂನಿವರ್ಸಿಟಿಯ ಗುರುತಿನ ಕಾರ್ಡು ಕೊರಳಲ್ಲಿ. ಅವಳು ನಗುತ್ತಿದ್ದಳು.

ಆ ನಗು ನನಗೆ ಗೊತ್ತಿತ್ತು. ದಿನಾ ಮಧ್ಯಾಹ್ನ ಆಫೀಸಿಗೆ ಊಟದ ಡಬ್ಬಿ ತಂದು, “ದೇವಿಕಕ್ಕಾ, ನಿಮಗೂ ಶೇಂಗಾ ಹಿಂಡಿ ತಂದೀನಿ,” ಎನ್ನುತ್ತಿದ್ದವಳು. ಮೂರು ವಾರದಿಂದ ಡಬ್ಬಿಯನ್ನು ಡ್ರೈವರ್ ತರುತ್ತಿದ್ದ. ಕೇಳಿದಾಗ ಸಾಹೇಬರು, ಸಿರವಾರಕ್ಕೆ ಅತ್ತೆಯ ಮನೆಗೆ ಕಳಿಸೀನಿ, ಓದಿಕೊಳ್ಳಲಿ, ಎಂದಿದ್ದರು.

ಚಂದ್ರಕಲಾ. ಹನುಮಂತ್ರಾಯ ಸಾಹೇಬರ ಒಬ್ಬಳೇ ಮಗಳು.

“ಈಕಿ ಯಾರಂತ ಸಾಹೇಬ್ರು ಹೇಳಿದ್ರೇನು?”

“ಇಲ್ರಿ. ಯಾರ್ರೀ ಅಕಿ?”

“ಗೊತ್ತಿಲ್ಲ,” ಎಂದೆ. ಫೋಟೋವನ್ನು ಬುಟ್ಟಿಯಿಂದ ಎತ್ತಿ ನನ್ನ ಫೋನಿಗೆ ಕಳಿಸಿಕೊಂಡೆ. ಬಂತೇ ಎಂದು ನೋಡಿದೆ. ಮತ್ತೊಮ್ಮೆ ನೋಡಿದೆ.

“ಏನು ಮಾಡಾಕತ್ತೀರಿ?” ಹಾಲೇಶ ಕೌಂಟರ್ ದಾಟಿ ಬಂದ. “ಸಾಹೇಬ್ರಿಗೆ ಫೋನ್ ಹಚ್ಚತೀನಿ ನಾನು.”

“ಹಚ್ಚರಿ.” ಸ್ಕ್ರೂ ಡ್ರೈವರ್ ಇನ್ನೂ ನನ್ನ ಕೈಯಲ್ಲೇ ಇತ್ತು, ಕೌಂಟರಿನ ಮೇಲಿಟ್ಟೆ. “ಅಳಿಸಿಲ್ಲಂತ ನೀವೇ ಹೇಳ್ರಿ. ಕೊಲಿ ಕೇಸಿನ ಗಿಟಾರಿಗೆ ಬಣ್ಣ ಬಳಿದ ಕೈ ಯಾರದು? ಸಾಹೇಬ್ರದೇನು? ಅವರು ಬಾಯಿಲೆ ಹೇಳ್ಯಾರ. ಬಾಯಿಗೆ ಸಾಕ್ಷಿ ಇಲ್ಲ. ಬಣ್ಣಕ್ಕ ಅದ.”

ಅವನು ತನ್ನ ಉಗುರು ನೋಡಿಕೊಂಡ. ಸಂದಿಯಲ್ಲಿ ಕಪ್ಪು ಇನ್ನೂ ಇತ್ತು.

“ನಾ ಏನು ಮಾಡಬೇಕ್ರಿ ಅಕ್ಕೋರೇ?”

“ಏನೂ ಮಾಡಬ್ಯಾಡ್ರಿ. ಈ ಬುಟ್ಟಿ ಮುಟ್ಟಬ್ಯಾಡ್ರಿ. ಗಿಟಾರ್ ಇದ್ದಲ್ಲೇ ಇರಲಿ. ಸೋಮವಾರ ಕೋರ್ಟು ಕರೀತದ, ಬಂದು ಕಂಡಿದ್ದು ಹೇಳ್ರಿ. ನೀವು ಕಳವಿನ ಮಾಲು ತಗೊಳ್ಳೋರಲ್ಲ, ನಾ ನಂಬತೀನಿ. ಜಡ್ಜೂ ನಂಬಬೇಕಂದ್ರ ಅದೊಂದೇ ದಾರಿ.”

ಗೂಡಿನ ಫೋಟೋ ತೆಗೆದೆ, ತಾಮ್ರ ಮತ್ತು ದಾರದ ಎರಡು ಗಂಟು ಕಾಣುವ ಹಾಗೆ. ಕುತ್ತಿಗೆ ಕೂಡಿಸಿ ಸ್ಕ್ರೂ ಬಿಗಿದೆ. ಕೊನೆಯ ಸ್ಕ್ರೂ ಬಿಗಿಯುವಾಗ ನನ್ನ ಫೋನ್ ರಿಂಗಾಯಿತು.

ಸಾಹೇಬರು.

“ಎಲ್ಲಿದ್ದೀಯವ್ವ ದೇವಿಕಾ?”

ಹಾಲೇಶನಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದೆ.

“ಮನ್ಯಾಗ ಸರ್. ತಲಿನೋವು.”

“ರೆಸ್ಟ್ ತಗೋ. ಸೋಮವಾರದ್ದು ನಾನೇ ನೋಡ್ಕೋತೀನಿ.” ದನಿಯಲ್ಲಿ ಎಂದಿನ ಮಮತೆಯೇ ಇತ್ತು. ಐದು ವರ್ಷ ನನಗೆ ಕೆಲಸ ಕಲಿಸಿದ ದನಿ. “ಈ ಸಲ ಬೇಲ್ ಸಿಗೂದು ಕಷ್ಟ ಅದ. ಆ ಹುಮೇರಾಗ ಮೆಲ್ಲಕ ಹೇಳಿ ಇಡು, ಆಸೆ ಇಟ್ಕೋಬ್ಯಾಡ ಅಂತ. ಮತ್ತ… ಗಿಟಾರ್ ಬಗ್ಗೆ ಏನರ ಹೊಸದು ಸಿಕ್ತೇನು?”

ಅವರು ಕೇಳಿದ್ದು ಸಿಗಲಿ ಎಂದಲ್ಲ. ನಾನು ಉತ್ತರಿಸುವ ಮೊದಲಿನ ಆ ಒಂದು ಕ್ಷಣದಲ್ಲಿ ಅವರ ಉಸಿರು ಕೇಳಿಸುತ್ತಿತ್ತು. ಅದು ವಕೀಲರ ಉಸಿರಾಗಿರಲಿಲ್ಲ. ಮಗಳ ತಂದೆಯದು.

“ಏನೂ ಸಿಗಲಿಲ್ಲ ಸರ್.”

ಗಾಜಿನ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಆಪಾ ಬಂದರು. ಮೂರು ಚಾ. ಒಂದರ ಅಂಚಿನಿಂದ ತುಳುಕಿ ಕೈ ಸುಟ್ಟಿತ್ತು, ಅವರಿಗೆ ಅದರ ಖಬರಿರಲಿಲ್ಲ.

“ಏನಂದ ಇಂವ? ಯಾರು ತಂದು ಮಾರ್ಯಾರಂತ? ಹೇಳ್ರಿ ವಕೀಲಮ್ಮ. ನನ್ನ ತಮ್ಮನ ಜೀವದ ಮಾತು ಅದ.”

ಫೋಟೋ ನನ್ನ ಫೋನಿನಲ್ಲಿತ್ತು. ತೆಗೆದು ತೋರಿಸಿದರೆ ಈ ಕಣ್ಣುಗಳಿಗೆ ಇಪ್ಪತ್ತಾರು ದಿನದ ನಿದ್ದೆ ಬರುತ್ತಿತ್ತು. ತಮ್ಮ ಉಳಿದ ಎಂದು ಅವರು ಮಾನ್ವಿಯ ಬಸ್ ನಿಲ್ದಾಣದಲ್ಲೇ ಕೂಗುತ್ತಿದ್ದರು. ಕೂಗದೆ ಹೇಗಿರುತ್ತಾರೆ? ಸಂಜೆಯೊಳಗೆ ಅದು ಸಾಹೇಬರ ಮನೆ ಮುಟ್ಟುತ್ತಿತ್ತು, ಸಿರವಾರದ ಆ ಅತ್ತೆಯ ಮನೆಯನ್ನೂ. ಅಲ್ಲಿ ಒಂದು ಕೋಣೆಯಲ್ಲಿ ಕೂತಿರುವ ಹುಡುಗಿಗೆ ಆ ರಾತ್ರಿ ಏನಾಗುತ್ತದೆ? ಸೋಮವಾರಕ್ಕೆ ಅವಳು ಎಲ್ಲಿರುತ್ತಾಳೆ? ವಸೀಮ್ ಜೈಲಿನಲ್ಲಿ ಕೂತು ಕಾಪಾಡುತ್ತಿರುವುದು ಅವಳನ್ನೇ ಅಲ್ಲವೇ, ತನ್ನ ಕುತ್ತಿಗೆ ಒಡ್ಡಿ?

ಬುಧವಾರ ನಾನು ಒಬ್ಬರಿಗೆ ಹೇಳಿದ್ದೆ. ಒಬ್ಬರಿಗೇ. ನನಗೆ ಅತಿ ನಂಬಿಕೆಯವರಿಗೆ. ಗುರುವಾರ ಕೆಂಪು ಗಿಟಾರ್ ಕಪ್ಪಾಯಿತು.

“ಯಾರೋ ಗುರುತಿಲ್ಲದವರಂತ ಆಪಾ,” ಎಂದೆ. “ಇವರಿಗೆ ಮುಖ ನೆನಪಿಲ್ಲಂತ. ಗಿಟಾರ್ ಸಿಕ್ತಲ್ಲ, ಅದೇ ಸಾಕು. ಸೋಮವಾರದ ತನಕ ಇದನ್ನೂ ಯಾರ ಮುಂದೂ ಆಡಬ್ಯಾಡ್ರಿ.”

“ನಿಮ್ಮ ಸಾಹೇಬ್ರ ಮುಂದೂ?”

“ಅವರಿಗೆ ನಾ ಹೇಳತೀನಿ.”

ಆಪಾ ನನ್ನನ್ನೇ ನೋಡಿದರು. ಬಟ್ಟೆಯ ಅಳತೆ ಹಿಡಿಯುವವರ ಕಣ್ಣು ಅವು, ಅರ್ಧ ಇಂಚೂ ತಪ್ಪುವುದಿಲ್ಲ. ನಾನು ಕಣ್ಣು ತಗ್ಗಿಸಲಿಲ್ಲ. ಕೊನೆಗೆ ಅವರೇ ಚಾದ ಲೋಟ ನನ್ನ ಕೈಗಿತ್ತರು.

ವಸೀಮ್‌ನ ವಕಾಲತ್ತಿನಲ್ಲಿ ಸಾಹೇಬರ ಸಹಿಯ ಕೆಳಗೆ ನನ್ನ ಸಹಿಯೂ ಇದೆ. ಸೋಮವಾರ ಹನ್ನೊಂದಕ್ಕೆ ಈ ಫೋಟೋ ಹಿಡಿದು ನಾನೇ ಎದ್ದು ನಿಲ್ಲುತ್ತೇನೆ, ಆ ಹುಡುಗಿಗೂ ರಕ್ಷಣೆ ಕೇಳುತ್ತೇನೆ. ಅಲ್ಲಿಯವರೆಗೆ ಈ ಅಂಗಡಿಯಲ್ಲಿ ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ. ಸಾಹೇಬರಿಗಲ್ಲ, ಅಮ್ಮನಿಗಲ್ಲ. ನನ್ನ ಎದುರಿಗೆ ನಿಂತು ಚಾ ಆರಿಸಿಕೊಳ್ಳುತ್ತಿರುವ ಈ ಅಕ್ಕನಿಗೂ ಅಲ್ಲ.